ಟೆಕ್ಸ್ಚರ್ ಹೊಡೆದ್ರೆ ತಪ್ಪು ಮುಚ್ಚಿಹೋಗಲ್ಲ

ಕಳೆದ ಬೇಸಿಗೆಯಲ್ಲಿ ನಾನು ಮಾಡಿದ ಎರಡು ಡೋರ್ ಪ್ಯಾನೆಲ್‌ಗಳು ಐದೇ ವಾರಕ್ಕೆ ವಾಪಸ್ ಬಂದವು. ಹಾಕಿಸಿಕೊಂಡಿದ್ದ ಗಿರಾಕಿನೇ ಸ್ಕ್ರೂ ಬಿಚ್ಚಿ, ಹಳೇ ಬೆಡ್‌ಶೀಟ್‌ನಲ್ಲಿ ಸುತ್ತಿ ತಂದು ನಮ್ಮ ಮಾವನ ಶೆಡ್ ಬಾಗಿಲಲ್ಲಿ ಇಟ್ಟರು. ಜಗಳ ಏನೂ ಆಡಲಿಲ್ಲ. "ನೀವೇ ಒಂದ್ಸಲ ಬಿಸಿಲಿಗೆ ಹಿಡಿದು ನೋಡಿ ಸಾರ್" ಅಂದರು, ಅಷ್ಟೇ. ಮಾವ ಹಿಡಿದು ನೋಡಿದರು. ನಾನೂ ನೋಡಿದೆ. ಕಪ್ಪು ಟೆಕ್ಸ್ಚರ್ ಕೆಳಗಿಂದ ಫೈಬರ್ ಮ್ಯಾಟ್‌ನ ಎಳೆಗಳು ಎದ್ದು ಕಾಣ್ತಿದ್ದವು. ಸ್ಪೀಕರ್ ರಿಂಗ್ ಸುತ್ತ ಪುಟ್ಟಿ ಎಲ್ಲಿಗೆ ಮುಗಿದಿದೆ ಅನ್ನೋದು ಮ್ಯಾಪ್‌ನಲ್ಲಿ ಜಿಲ್ಲೆ ಗಡಿ ಎಳೆದ ಹಾಗೆ ಗೊತ್ತಾಗ್ತಿತ್ತು. ಮಾವ ಒಂದು ಮಾತೂ ಆಡದೆ ಡ್ರಾಯರ್ ಎಳೆದು, ತಗೊಂಡಿದ್ದ ಆರು ಸಾವಿರದಲ್ಲಿ ಮೂರು ಸಾವಿರ ಎಣಿಸಿ ಕೊಟ್ಟು, "ಎರಡು ವಾರ ಟೈಮ್ ಕೊಡಿ, ಸರಿ ಮಾಡಿ ಹಾಕಿಕೊಡ್ತೀವಿ" ಅಂದರು.

ನನಗೆ ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ಬೈಯಲಿಲ್ಲ. ತುಮಕೂರಿನಲ್ಲಿ ಇಪ್ಪತ್ತು ವರ್ಷದಿಂದ ಟಿಂಕರಿಂಗ್, ಪೇಂಟಿಂಗ್ ಶೆಡ್ ನಡೆಸ್ತಿರೋರು ಅವರು. ಬೋರ್ಡ್ ಮೇಲಿನ ಹೆಸರು ಅವರದ್ದು, ಹೋದ ಮರ್ಯಾದೆಯೂ ಅವರದ್ದೇ. ಹಾಳು ಮಾಡಿದವನು ಮಾತ್ರ ನಾನು, ಮೆಕ್ಯಾನಿಕಲ್ ಎರಡನೇ ವರ್ಷ, ಸಿಜಿಪಿಎ ಎಂಟರ ಮೇಲೆ.

ಈ ಲೇಖನದಲ್ಲಿ ನಾನು ಹೇಳೋಕೆ ಹೊರಟಿರೋದು ಒಂದೇ ವಿಷಯ. ಫಿನಿಶಿಂಗ್ ಅಂದ್ರೆ ಕೊನೇಲಿ ಹಚ್ಚೋ ಪೌಡರ್ ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ಅದು ತಪ್ಪು. ಫಿನಿಶಿಂಗ್ ಕೂಡ ಇಂಜಿನಿಯರಿಂಗೇ, ಅದನ್ನ ಮೊದಲ ದಿನವೇ ಶುರು ಮಾಡಬೇಕು. ಅದು ಗೊತ್ತಿರೋರನ್ನ ನಾವು ಇಂಜಿನಿಯರ್‌ಗಳ ಪಕ್ಕದಲ್ಲಿ ಕೂರಿಸಬೇಕು, ಗೇಟ್ ಹೊರಗೆ ನಿಲ್ಲಿಸಬಾರದು.

ಮೊದಲು ಕೆಲಸ ಏನಿತ್ತು ಅಂತ ಹೇಳ್ತೀನಿ. ಗಿರಾಕಿಯದ್ದು ಹಳೇ ಮಾರುತಿ 800. ಅದರ ಬಾಗಿಲಲ್ಲಿ ದೊಡ್ಡ ಸ್ಪೀಕರ್ ಕೂರಿಸೋಕೆ ಜಾಗ ಇಲ್ಲ. ಹಾಗಾಗಿ ಡೋರ್ ಪ್ಯಾಡ್ ಮೇಲೆ ಉಬ್ಬಿ ಬರೋ ಹಾಗೆ ಫೈಬರ್‌ಗ್ಲಾಸ್‌ನಲ್ಲಿ ಹೊಸ ಪ್ಯಾನೆಲ್ ಬೇಕಿತ್ತು. ಅವರ ಷರತ್ತು ಒಂದೇ: "ಆಮೇಲೆ ಹಾಕಿಸಿದ್ದು ಅಂತ ಗೊತ್ತಾಗಬಾರದು, ಕಂಪನಿಯಿಂದಲೇ ಬಂದ ಹಾಗಿರಬೇಕು." ಅಂದ್ರೆ ಡ್ಯಾಶ್‌ಬೋರ್ಡ್ ಮೇಲಿರೋ ಆ ಸಣ್ಣ ತರಿತರಿ, ಹೊಳಪಿಲ್ಲದ ಕಪ್ಪು, ಮುಟ್ಟಿದ್ರೆ ಸ್ವಲ್ಪ ಚರ್ಮದ ಹಾಗಿರೋ ಮೈ ಬೇಕು.

ನಾನು ಮಾಡಿದ್ದು ವಿಡಿಯೋಗಳಲ್ಲಿ ನೋಡಿದ ದಾರಿ. ಎಂಡಿಎಫ್ ಹಲಗೆಯಲ್ಲಿ ಸ್ಪೀಕರ್ ರಿಂಗ್ ಕತ್ತರಿಸಿ ಕೂರಿಸಿದೆ. ಅದರ ಮೇಲೆ ಸ್ವೆಟ್ ಶರ್ಟ್ ಥರದ ಬಟ್ಟೆ ಬಿಗಿಯಾಗಿ ಎಳೆದು ಸ್ಟೇಪಲ್ ಹೊಡೆದೆ. ಬಟ್ಟೆಗೆ ಪಾಲಿಯೆಸ್ಟರ್ ರೆಸಿನ್ ಕುಡಿಸಿದೆ. ಗಟ್ಟಿಯಾದ ಮೇಲೆ ಹಿಂದಿನಿಂದ 450 ಜಿಎಸ್‌ಎಂ ಚಾಪ್ಡ್ ಸ್ಟ್ರಾಂಡ್ ಮ್ಯಾಟ್ ಎರಡು ಪದರ, ಮುಂದಿನಿಂದ ಒಂದು ಪದರ ಕೊಟ್ಟೆ. ಆಮೇಲೆ ಪುಟ್ಟಿ, ಒಂದಿಷ್ಟು ಉಜ್ಜೋದು. ಶೆಡ್‌ನ ಪೇಂಟರ್ ಅಣ್ಣ ಬಂದು ಕೈಯಾಡಿಸಿ, "ಇನ್ನೂ ಅಲೆ ಇದೆ ಕಣೋ, ಎರಡು ದಿನ ಬಿಡು, ಮತ್ತೆ ಉಜ್ಜೋಣ" ಅಂದರು. ನಾನು ಹೇಳಿದ್ದು ನನಗೆ ಇನ್ನೂ ಚೆನ್ನಾಗಿ ನೆನಪಿದೆ: "ಟೆಕ್ಸ್ಚರ್ ಹೊಡೀತೀವಲ್ಲ ಅಣ್ಣ, ಎಲ್ಲಾ ಮುಚ್ಚಿಹೋಗುತ್ತೆ."

ಈ ಮಾತು ಪೂರ್ತಿ ಸುಳ್ಳೂ ಅಲ್ಲ, ಅದೇ ಅದರ ಅಪಾಯ. ಫ್ಯಾಕ್ಟರಿಯಲ್ಲಿ ಟೆಕ್ಸ್ಚರ್ ನಿಜವಾಗ್ಲೂ ತಪ್ಪು ಮುಚ್ಚುತ್ತೆ. ಕಾರಿನ ಒಳಗಿನ ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಪ್ರೊಪಿಲೀನ್ ಅಥವಾ ಎಬಿಎಸ್. ಬಿಸಿ ಪ್ಲಾಸ್ಟಿಕ್ಕನ್ನ ಉಕ್ಕಿನ ಅಚ್ಚಿನೊಳಗೆ ಒತ್ತಡದಲ್ಲಿ ತುಂಬ್ತಾರೆ. ಆರುವಾಗ ದಪ್ಪ ಇರೋ ಕಡೆ, ಹಿಂದೆ ರಿಬ್ ಇರೋ ಕಡೆ, ಮೇಲ್ಮೈ ಸ್ವಲ್ಪ ಒಳಗೆ ಕುಸಿಯುತ್ತೆ. ಅದಕ್ಕೆ ಸಿಂಕ್ ಮಾರ್ಕ್ ಅಂತಾರೆ. ಪ್ಲಾಸ್ಟಿಕ್ ಹರಿದು ಬಂದ ಗೆರೆ, ಎರಡು ಕಡೆಯಿಂದ ಹರಿದು ಸೇರಿದ ಗೆರೆ, ಇವೂ ಉಳಿಯುತ್ತವೆ. ನುಣ್ಣಗಿನ ಮೇಲ್ಮೈ ಆದ್ರೆ ಇವೆಲ್ಲ ಕಾಣುತ್ತೆ. ತರಿ ಇದ್ರೆ ಕಣ್ಣು ಅಲ್ಲಿಗೆ ಹೋಗಲ್ಲ. ಜೊತೆಗೆ ಉಗುರಿನ ಗೀರು, ಬೆರಳ ಗುರುತು ಕಮ್ಮಿ ಕಾಣುತ್ತೆ. ಎಲ್ಲಕ್ಕಿಂತ ಮುಖ್ಯ, ಡ್ಯಾಶ್‌ಬೋರ್ಡ್ ಹೊಳೆದ್ರೆ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಬಿದ್ದು ಡ್ರೈವರ್‌ಗೆ ರಸ್ತೆ ಮಸುಕಾಗುತ್ತೆ. ಹಾಗಾಗಿ ಹೊಳಪಿಲ್ಲದ ತರಿ ಅನ್ನೋದು ಬರೀ ಚಂದಕ್ಕಲ್ಲ, ಸೇಫ್ಟಿಗೂ ಬೇಕು.

ಆದ್ರೆ ಆ ತರಿ ಎಲ್ಲಿಂದ ಬರುತ್ತೆ ಅಂತ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ. ಅದನ್ನ ಯಾರೂ ಪ್ಯಾನೆಲ್ ಮೇಲೆ ಹೊಡೆಯಲ್ಲ. ಅದು ಅಚ್ಚಿನಲ್ಲೇ ಇರುತ್ತೆ. ಉಕ್ಕಿನ ಅಚ್ಚಿನ ಒಳಮೈಯನ್ನ ಮೊದಲು ಪಾಲಿಶ್ ಮಾಡಿ, ಆಮೇಲೆ ಆಸಿಡ್‌ನಿಂದಲೋ ಲೇಸರ್‌ನಿಂದಲೋ ಆ ವಿನ್ಯಾಸವನ್ನ ಕೊರೀತಾರೆ. ಪಾಲಿಶ್ ಸರಿ ಇಲ್ಲದ ಉಕ್ಕಿನ ಮೇಲೆ ಕೊರೆದ್ರೆ ತರಿ ಒಂದೊಂದು ಕಡೆ ಒಂದೊಂದು ಥರ ಬರುತ್ತೆ. ಕೆಲವು ಕಾರುಗಳ ಮೆತ್ತನೆಯ ಡ್ಯಾಶ್‌ಬೋರ್ಡ್‌ಗಂತೂ ಮಾದರಿಯ ಮೇಲೆ ನಿಜವಾದ ಚರ್ಮವನ್ನೇ ಸುತ್ತಿ, ಅದರಿಂದ ಸಿಲಿಕೋನ್ ಪ್ರತಿ ತೆಗೆದು, ಕೊನೆಗೆ ನಿಕ್ಕಲ್ ಅಚ್ಚು ಬೆಳೆಸ್ತಾರೆ. ಆ ಹಸುವಿನ ಚರ್ಮದ ಗೆರೆ ಸಾವಿರಾರು ಕಾರುಗಳಲ್ಲಿ ಮರುಹುಟ್ಟು ಪಡೆಯುತ್ತೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ ಆಯ್ತು. ಅಚ್ಚಿನ ಪಕ್ಕದ ಗೋಡೆ ನೇರವಾಗಿದ್ರೆ, ಪ್ಯಾನೆಲ್ ಹೊರಗೆ ಬರುವಾಗ ತರಿ ಉಜ್ಜಿ ಕಿತ್ತುಹೋಗುತ್ತೆ. ಅದಕ್ಕೆ ಗೋಡೆಯನ್ನ ಸ್ವಲ್ಪ ಓರೆ ಮಾಡ್ತಾರೆ, ಅದೇ ಡ್ರಾಫ್ಟ್. ತರಿಯ ಆಳ ಪ್ರತಿ 25 ಮೈಕ್ರಾನ್ ಜಾಸ್ತಿ ಆದ ಹಾಗೆ ಒಂದರಿಂದ ಒಂದೂವರೆ ಡಿಗ್ರಿ ಹೆಚ್ಚು ಡ್ರಾಫ್ಟ್ ಕೊಡಬೇಕು ಅನ್ನೋದು ಡಿಸೈನರ್‌ಗಳ ಸಾಮಾನ್ಯ ಲೆಕ್ಕ. ಅಂದ್ರೆ ತರಿ ಎಷ್ಟಿರಬೇಕು ಅಂತ ತೀರ್ಮಾನ ಆಗದೆ ಕ್ಯಾಡ್‌ನಲ್ಲಿ ಪ್ಯಾನೆಲ್‌ನ ಆಕಾರವನ್ನೇ ಫೈನಲ್ ಮಾಡೋಕಾಗಲ್ಲ! ನಾವು ಕೊನೆಯದು ಅಂದ್ಕೊಂಡಿರೋ ಕೆಲಸ ಅವರಲ್ಲಿ ಮೊದಲಿನದು.

ಈಗ ನಮ್ಮ ಫೈಬರ್‌ಗ್ಲಾಸ್‌ಗೆ ಬನ್ನಿ. ಇದೇನು ಕಳಪೆ ವಸ್ತು ಅಲ್ಲ. 1953ರ ಮೊದಲ ಷೆವರ್ಲೆ ಕಾರ್ವೆಟ್‌ನ ಬಾಡಿ ಫೈಬರ್‌ಗ್ಲಾಸ್. ನಮ್ಮ ಬೆಂಗಳೂರಿನ ಸಿಪಾನಿಯವರು 1980ರ ದಶಕದಲ್ಲಿ ಮಾಡಿದ ಡಾಲ್ಫಿನ್ ಕಾರಿನ ಬಾಡಿಯೂ ಫೈಬರ್‌ಗ್ಲಾಸೇ. ಆದ್ರೆ ಇದಕ್ಕೆ ಒಂದು ಗುಣ ಇದೆ. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಅದರ ಗಾತ್ರ ಸುಮಾರು ನೂರಕ್ಕೆ ಐದರಿಂದ ಎಂಟರಷ್ಟು ಕುಗ್ಗುತ್ತೆ. ಒಳಗಿರೋ ಗಾಜಿನ ಎಳೆ ಕುಗ್ಗಲ್ಲ. ರೆಸಿನ್ ಕುಗ್ಗಿ, ಎಳೆ ಹಾಗೇ ಉಳಿದ್ರೆ, ಬಡವರ ಮೈಯಲ್ಲಿ ಪಕ್ಕೆಲುಬು ಕಾಣೋ ಹಾಗೆ ಎಳೆಗಳು ಎದ್ದು ಕಾಣ್ತವೆ. ಇದಕ್ಕೆ ಪ್ರಿಂಟ್ ಥ್ರೂ ಅಂತ ಹೆಸರು. ಕೈಗೆ ಗಟ್ಟಿ ಅನ್ನಿಸಿದ ದಿನಕ್ಕೆ ಈ ಕುಗ್ಗೋದು ಮುಗಿದಿರಲ್ಲ. ದಿನಗಟ್ಟಲೆ ನಿಧಾನವಾಗಿ ನಡೀತಾನೇ ಇರುತ್ತೆ, ಬಿಸಿ ತಾಗಿದ್ರೆ ಮತ್ತೆ ಶುರುವಾಗುತ್ತೆ. ಬೇಸಿಗೆ ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟೋದು ಅಪರೂಪ ಅಲ್ಲ. ನಾನು ಮೂರನೇ ದಿನಕ್ಕೇ ಬಣ್ಣ ಹೊಡೆದು ಕೊಟ್ಟೆ. ಉಳಿದ ಕುಗ್ಗೋ ಕೆಲಸವನ್ನ ಗಿರಾಕಿಯ ಕಾರಿನೊಳಗೆ ಬಿಸಿಲು ಮುಗಿಸಿತು.

ಸರಿ, ಎಳೆ ಎದ್ದಿತು. ಟೆಕ್ಸ್ಚರ್ ಯಾಕೆ ಅದನ್ನ ಮುಚ್ಚಲಿಲ್ಲ? ಇದಕ್ಕೆ ಉತ್ತರ ನಮ್ಮ ಮೆಟ್ರಾಲಜಿ ನೋಟ್ಸ್‌ನಲ್ಲೇ ಇದೆ, ನಾನು ಅದನ್ನ ಎರಡು ಮಾರ್ಕಿನ ಪ್ರಶ್ನೆ ಅಂತ ಬಾಯಿಪಾಠ ಮಾಡಿದ್ದೆ. ಯಾವುದೇ ಮೇಲ್ಮೈಗೆ ಎರಡು ಥರದ ಏರುಪೇರು ಇರುತ್ತೆ. ಹತ್ತಿರ ಹತ್ತಿರ ಇರೋ ಸಣ್ಣ ಏರಿಳಿತ ರಫ್‌ನೆಸ್. ದೂರ ದೂರ ಇರೋ ಉದ್ದನೆಯ ಏರಿಳಿತ ವೇವಿನೆಸ್. ಟಾರ್ ರಸ್ತೆಯ ಜಲ್ಲಿ ರಫ್‌ನೆಸ್, ಬೈಕ್ ಮೇಲೆ ಹೋಗುವಾಗ ಹೊಟ್ಟೆಗೆ ಗೊತ್ತಾಗೋ ಆ ತಗ್ಗುದಿಣ್ಣೆ ವೇವಿನೆಸ್. ಟೆಕ್ಸ್ಚರ್ ಅನ್ನೋದು ರಫ್‌ನೆಸ್. ಅದು ತನ್ನ ಅಳತೆಯ ತಪ್ಪನ್ನ ಮಾತ್ರ ಮುಚ್ಚುತ್ತೆ, ಅಂದ್ರೆ ವಾಟರ್ ಪೇಪರ್‌ನ ಗೀರು, ಸಣ್ಣ ಚುಕ್ಕೆ. ಅಂಗೈ ಅಗಲದ ಅಲೆಯನ್ನ, ಪುಟ್ಟಿಯ ಅಂಚನ್ನ, ಉದ್ದನೆಯ ಫೈಬರ್ ಎಳೆಯನ್ನ ಅದು ಮುಚ್ಚಲ್ಲ. ರಸ್ತೆ ಮೇಲೆ ಹೊಸ ಜಲ್ಲಿ ಹಾಕಿದ್ರೆ ದಿಣ್ಣೆ ಹೋಗುತ್ತಾ? ಅದರಲ್ಲೂ ಕಾರಿನ ಬಾಗಿಲಿಗೆ ಬೆಳಕು ಕಿಟಕಿಯಿಂದ ಓರೆಯಾಗಿ ಬೀಳುತ್ತೆ. ಓರೆ ಬೆಳಕಲ್ಲಿ ಅಲೆಗೆ ನೆರಳು ಬೀಳುತ್ತೆ. ಶೆಡ್‌ನ ಟ್ಯೂಬ್‌ಲೈಟ್ ಕೆಳಗೆ ನಂದು ಸೂಪರ್ ಆಗಿ ಕಾಣ್ತಿತ್ತು, ಫೋಟೋ ಹಾಕಿ ಲೈಕೂ ತಗೊಂಡಿದ್ದೆ.

ಎರಡನೇ ಸಲ ಪೇಂಟರ್ ಅಣ್ಣ ಮಾಡಿದರು, ನಾನು ಪಕ್ಕದಲ್ಲಿ ನಿಂತು ಕೈಕೆಲಸ ಮಾಡಿದೆ. ಟೆಕ್ಸ್ಚರ್ ಪೂರ್ತಿ ಕೆರೆದು ತೆಗೆಯೋದಕ್ಕೇ ಒಂದು ದಿನ ಹೋಯ್ತು. ಆಮೇಲೆ ಅವರು ಮಾಡಿದ ಮೊದಲ ಕೆಲಸ ನೋಡಿ ನನಗೆ ನಗು ಬಂತು. ಪ್ಯಾನೆಲ್‌ಗಳನ್ನ ಆಕಾರ ಕೆಡದ ಹಾಗೆ ಹಲಗೆಗೆ ಬಿಗಿದು, ಕಪ್ಪು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಶೆಡ್‌ನ ಶೀಟ್ ಮಾಡಿನ ಮೇಲೆ ಐದು ದಿನ ಬಿಸಿಲಿಗೆ ಇಟ್ಟರು, ನಮ್ಮಜ್ಜಿ ಸಂಡಿಗೆ ಒಣಗಿಸೋ ಹಾಗೆ. "ಅದು ಕುಣಿಯೋದೆಲ್ಲ ಇಲ್ಲೇ ಕುಣೀಲಿ, ಗಿರಾಕಿ ಕಾರಲ್ಲಿ ಬೇಡ" ಅಂದರು. ಪುಸ್ತಕದಲ್ಲಿ ಇದಕ್ಕೆ ಪೋಸ್ಟ್ ಕ್ಯೂರಿಂಗ್ ಅಂತಾರೆ. ಅವರು ಪುಸ್ತಕ ಓದಿಲ್ಲ, ವಾಪಸ್ ಬಂದ ಕೆಲಸಗಳನ್ನ ಓದಿದ್ದಾರೆ.

ಐದು ದಿನ ಆದ ಮೇಲೆ ಎಳೆ ಎಷ್ಟು ಏಳಬೇಕೋ ಅಷ್ಟು ಎದ್ದಿತ್ತು. ಈಗ ಉಜ್ಜಾಟ. 80 ನಂಬರ್ ಪೇಪರನ್ನ ಉದ್ದನೆಯ ಮರದ ತುಂಡಿಗೆ ಸುತ್ತಿ ಅಡ್ಡಡ್ಡ ಉಜ್ಜಿದರು. ಬರೀ ಬೆರಳಲ್ಲಿ ಹಿಡಿದು ಉಜ್ಜಿದ್ರೆ ಪೇಪರ್ ತಗ್ಗಿನೊಳಗೂ ಇಳಿದು ತಗ್ಗನ್ನ ಹಾಗೇ ಉಳಿಸುತ್ತೆ. ಮರದ ತುಂಡು ಉಬ್ಬನ್ನ ಮಾತ್ರ ಮುಟ್ಟುತ್ತೆ. ತಗ್ಗಿಗೆ ತೆಳ್ಳಗೆ ಪುಟ್ಟಿ, ಮತ್ತೆ 120, 180. ಪುಟ್ಟಿಯನ್ನ ತಪ್ಪು ಇರೋ ಜಾಗಕ್ಕೆ ಮಾತ್ರ ಹಚ್ಚಿ ಬಿಡದೆ ಸುತ್ತ ದೂರದವರೆಗೂ ಎಳೆದು ತೆಳ್ಳಗೆ ಮಾಡಿದರು. ಗಡಿರೇಖೆ ಹೋಗೋದು ಹಾಗೆ. ಆಮೇಲೆ ಪ್ರೈಮರ್. ಪ್ರೈಮರ್ ಮೇಲೆ ಕಪ್ಪು ಬಣ್ಣವನ್ನ ದೂರದಿಂದ ಮಂಜಿನ ಹಾಗೆ ಉದುರಿಸಿ, 320ರಲ್ಲಿ ಮೆಲ್ಲಗೆ ಉಜ್ಜಿದರು. ಉಬ್ಬಿನ ಮೇಲಿನ ಕಪ್ಪು ಹೋಗುತ್ತೆ, ತಗ್ಗಿನಲ್ಲಿ ಉಳಿಯುತ್ತೆ. ಗೈಡ್ ಕೋಟ್ ಅಂತಾರೆ ಇದಕ್ಕೆ. ಹತ್ತು ರೂಪಾಯಿ ಬಣ್ಣದಲ್ಲಿ ಇಡೀ ಮೇಲ್ಮೈಯ ನಕ್ಷೆ! ಲ್ಯಾಬಲ್ಲಿ ನಮಗೆ ಇದನ್ನ ಯಾರೂ ತೋರಿಸಿಲ್ಲ.

ಪ್ರೈಮರ್‌ನಲ್ಲಿ ಸೂಜಿ ಮೊನೆಯಷ್ಟು ತೂತುಗಳು ಕಂಡವು. ಹೇಗೂ ಟೆಕ್ಸ್ಚರ್ ಬರುತ್ತೆ ಅಂತ ನಾನು ಈ ಸಲ ಬಾಯಿ ಬಿಡಲಿಲ್ಲ, ಆದ್ರೂ ಅವರೇ ಹೇಳಿದರು. ತೂತಿನೊಳಗೆ ಗಾಳಿ ಕೂತಿರುತ್ತೆ, ಮೇಲೆ ದಪ್ಪ ಬಣ್ಣ ಬಿದ್ದ ಮೇಲೆ ಗುಳ್ಳೆಯಾಗಿ ಒಡೆದು ಇನ್ನೂ ದೊಡ್ಡ ಕುಳಿ ಆಗುತ್ತೆ. ಒಂದೊಂದನ್ನೂ ಬ್ಲೇಡಿನಲ್ಲಿ ಪುಟ್ಟಿ ಒತ್ತಿ ತುಂಬಿದರು. ಕೊನೆಗೆ ಕಣ್ಣು ಮುಚ್ಚಿಕೊಂಡು, ಕೈಗೆ ತೆಳು ಬಟ್ಟೆ ಹಾಕಿ, ಅಂಗೈ ಎಳೆದರು. ಬಟ್ಟೆ ಇದ್ರೆ ಕೈ ಜಾರುತ್ತೆ, ಅಲೆ ಮಾತ್ರ ತಿಳಿಯುತ್ತೆ. ಮೆಟ್ರಾಲಜಿ ಭಾಷೆಯಲ್ಲಿ ಹೇಳೋದಾದ್ರೆ, ರಫ್‌ನೆಸ್ ಫಿಲ್ಟರ್ ಮಾಡಿ ವೇವಿನೆಸ್ ಅಳೆದರು.

ಟೆಕ್ಸ್ಚರ್ ಹೊಡೆದಿದ್ದು ಇಷ್ಟೆಲ್ಲ ಆದ ಮೇಲೆ. ಅದಕ್ಕೆ ಹಿಡಿದಿದ್ದು ಇಪ್ಪತ್ತು ನಿಮಿಷ! ಗಟ್ಟಿ ಬಣ್ಣ, ದೊಡ್ಡ ಬಾಯಿಯ ನಾಜಲ್, ಕಮ್ಮಿ ಪ್ರೆಶರ್. ಪ್ರೆಶರ್ ಕಮ್ಮಿ ಆದ್ರೆ ಬಣ್ಣ ಪುಡಿಯಾಗದೆ ಹನಿಹನಿಯಾಗಿ ಬೀಳುತ್ತೆ. ಮೊದಲು ಹತ್ತಿರದಿಂದ ಒಂದು ಸಮ ಪದರ, ಅದು ಸ್ವಲ್ಪ ಆರಿದ ಮೇಲೆ ದೂರದಿಂದ ಹನಿ. ರಟ್ಟಿನ ಮೇಲೆ ನಾಲ್ಕೈದು ಸಲ ಹೊಡೆದು, ಒಂದೊಂದನ್ನೂ ಕಾರಿನ ಡ್ಯಾಶ್‌ಬೋರ್ಡ್ ಪಕ್ಕ ಇಟ್ಟು ನೋಡಿದರು. "ಇದು ಬನ್ಸಿ ರವೆ ಆಯ್ತು, ನಮಗೆ ಬೇಕಿರೋದು ಚಿರೋಟಿ ರವೆ" ಅಂತ ಪ್ರೆಶರ್ ಸ್ವಲ್ಪ ಏರಿಸಿದರು. ತರಿಯ ಸೈಜಿಗೆ ಇದಕ್ಕಿಂತ ಒಳ್ಳೇ ಸ್ಕೇಲ್ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಬಣ್ಣವೂ ಅಷ್ಟೇ. ನಾವು ಕಪ್ಪು ಅನ್ನೋ ಆ ಡ್ಯಾಶ್‌ಬೋರ್ಡ್ ಬಿಸಿಲಲ್ಲಿ ನೋಡಿದ್ರೆ ಕಡು ಬೂದು. ಡಬ್ಬಿಯ ಕಪ್ಪಿಗೆ ಬಿಳಿ ಬೆರೆಸಿ, ಹೊಳಪು ಇಳಿಸಿ, ಮೇಲೆ ತೆಳ್ಳಗೆ ಎರಡು ಕೋಟ್ ಕೊಟ್ಟರು. ನನ್ನ ಮೊದಲ ಪ್ಯಾನೆಲ್ ಅಚ್ಚ ಕಪ್ಪಾಗಿತ್ತು, ಅದಕ್ಕೇ ಕಂಪನಿದು ಅಲ್ಲ ಅಂತ ದೂರದಿಂದಲೇ ಕೂಗಿ ಹೇಳ್ತಿತ್ತು.

ಇದನ್ನ ಹಾಸ್ಟೆಲ್‌ನಲ್ಲಿ ಹೇಳಿದಾಗ ಮೂರು ಥರದ ವಾದ ಬಂತು. ಮೊದಲನೇದು: "ಮಗಾ, ರೆಕ್ಸಿನ್ ಸುತ್ತಿದ್ರೆ ಮುಗೀತಿತ್ತಲ್ಲ?" ಹೌದು, ಎಷ್ಟೋ ಕಡೆ ರೆಕ್ಸಿನ್ನೇ ಸರಿ. ಅದರಲ್ಲಿ ತರಿ ರೆಡಿ ಇರುತ್ತೆ, ಮೆತ್ತಗೂ ಇರುತ್ತೆ. ಆದ್ರೆ ಒಳಗೆ ಬಾಗಿರೋ ಜಾಗದಲ್ಲಿ, ಸ್ಪೀಕರ್ ರಿಂಗ್ ಸುತ್ತ ಇರೋ ಹಾಗೆ, ಎಳೆದು ಅಂಟಿಸಿದ ರೆಕ್ಸಿನ್ ಬಿಸಿಲಿಗೆ ಅಂಟು ಸಡಿಲವಾಗಿ ಡೇರೆ ಥರ ಎದ್ದು ಬಿಡುತ್ತೆ. ಎಳೆದಷ್ಟೂ ತರಿಯೂ ಚಪ್ಪಟೆ ಆಗುತ್ತೆ. ಆಕಾರ ನೋಡಿ ಆರಿಸಬೇಕು, ಸೋಮಾರಿತನ ನೋಡಿ ಅಲ್ಲ.

ಎರಡನೇದು: "ಫ್ಯಾಕ್ಟರಿ ಪ್ಯಾನೆಲ್ ಮೇಲೆ ಸಿಲಿಕೋನ್ ಬಳಿದು ತರಿಯನ್ನೇ ಕಾಪಿ ಹೊಡೀಬಹುದಲ್ಲ?" ಬಹುದು, ತುಂಬಾ ಒಳ್ಳೇ ದಾರಿ. ಆ ಸಿಲಿಕೋನ್ ಚರ್ಮವನ್ನ ಅಚ್ಚಿನೊಳಗೆ ಕೂರಿಸಿ, ಅದರ ಮೇಲೆ ಜೆಲ್‌ಕೋಟ್ ಬಳಿದು, ಹಿಂದೆ ಮ್ಯಾಟ್ ಹಾಕಿದ್ರೆ ನಿಜವಾದ ತರಿ ಬರುತ್ತೆ. ಆದ್ರೆ ಅದಕ್ಕೆ ಅಚ್ಚು ಮೊದಲು ಬೇಕು, ಅಂದ್ರೆ ಮೊದಲ ದಿನವೇ ಫಿನಿಶ್ ಬಗ್ಗೆ ಯೋಚಿಸಿರಬೇಕು. ನಾನು ಹೇಳ್ತಿರೋದೂ ಅದನ್ನೇ.

ಮೂರನೇ ವಾದವೇ ನಮ್ಮ ಕ್ಯಾಂಪಸ್‌ನ ರಾಷ್ಟ್ರಗೀತೆ: "ವರ್ಕ್ ಆದ್ರೆ ಸಾಕು, ಚಂದ ಯಾರಿಗೆ ಬೇಕು?" ನಾನೂ ಇದನ್ನ ನಂಬಿದ್ದೆ. ಆದ್ರೆ ಗಾಜಿನಲ್ಲಿ ಪ್ರತಿಬಿಂಬ ಬೀಳದೆ ಇರೋದು ವರ್ಕ್ ಅಲ್ವಾ? ಪ್ಯಾನೆಲ್ ಅಂಚಿನಲ್ಲಿ ಗಾಜಿನ ಎಳೆ ಹೊರಬಂದು ಮಗುವಿನ ಕೈಗೆ ಚುಚ್ಚದೆ ಇರೋದು ವರ್ಕ್ ಅಲ್ವಾ? ಬಣ್ಣದ ಪದರಗಳಿಗೂ ದಪ್ಪ ಇದೆ. ಅದನ್ನ ಲೆಕ್ಕಕ್ಕೆ ತಗೊಳ್ಳದೆ ನಾನು ಮಾಡಿದ ಮೊದಲ ಪ್ಯಾನೆಲ್ ಬಾಗಿಲ ಹ್ಯಾಂಡಲ್‌ಗೆ ತಗುಲ್ತಿತ್ತು. ಇದು ಟಾಲರೆನ್ಸ್ ತಪ್ಪು, ಚಂದದ ವಿಷಯ ಅಲ್ಲ. ಇನ್ನೂ ಗಂಭೀರವಾದದ್ದು ಇದೆ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಬೆಂಕಿ ಹಿಡಿಯುತ್ತೆ. ಕಾರಿನೊಳಗಿನ ವಸ್ತುಗಳು ನಿಮಿಷಕ್ಕೆ 102 ಮಿ.ಮೀ.ಗಿಂತ ವೇಗವಾಗಿ ಉರಿಯಬಾರದು ಅಂತ ಅಮೆರಿಕದ ಎಫ್‌ಎಂವಿಎಸ್‌ಎಸ್ 302 ನಿಯಮ ಹೇಳುತ್ತೆ, ನಮ್ಮಲ್ಲೂ ಇದಕ್ಕೆ ಐಎಸ್ 15061 ಇದೆ. ಏರ್‌ಬ್ಯಾಗ್ ಇರೋ ಜಾಗದ ಮೇಲೆ ಫೈಬರ್ ಪ್ಯಾನೆಲ್ ಹಾಕೋದಂತೂ ಯಾರು ಎಷ್ಟು ದುಡ್ಡು ಕೊಟ್ಟರೂ ಮಾಡಬಾರದ ಕೆಲಸ. ಗಿರಾಕಿ "ಕಂಪನಿ ಥರ ಇರಬೇಕು" ಅಂದಾಗ, ಕಂಪನಿ ಏನೆಲ್ಲ ಯೋಚಿಸಿರುತ್ತೆ ಅನ್ನೋದೂ ಆ ಮಾತಿನೊಳಗೆ ಸೇರಿದೆ.

ಆರೋಗ್ಯದ ವಿಷಯ ಇಲ್ಲಿ ಹೇಳಲೇಬೇಕು, ಯಾಕಂದ್ರೆ ನಮ್ಮ ಕ್ಲಬ್‌ಗಳಲ್ಲೂ ಇದೇ ಕೆಲಸ ನಡೆಯುತ್ತೆ. ಪೇಂಟರ್ ಅಣ್ಣನಿಗೆ ಕೆಮ್ಮು ಇದೆ. ಅವರು ಮುಖಕ್ಕೆ ಕಟ್ಟೋದು ಕರ್ಚೀಫು. ಉಜ್ಜುವಾಗ ಬರೋ ಗಾಜಿನ ಧೂಳಿಗೆ ಎನ್95 ಆದ್ರೂ ಬೇಕು. ರೆಸಿನ್‌ನ ಸ್ಟೈರೀನ್ ವಾಸನೆಗೆ ಎನ್95 ಸಾಲದು, ಕಾರ್ಬನ್ ಕಾರ್ಟ್ರಿಜ್ ಇರೋ ಮಾಸ್ಕ್ ಬೇಕು. ಎರಡು ಡಬ್ಬಿ ಬೆರೆಸಿ ಹೊಡೆಯೋ ಪಿಯು ಬಣ್ಣಗಳಲ್ಲಿ ಐಸೊಸಯನೇಟ್ ಇರುತ್ತೆ, ಅದು ಇನ್ನೂ ಅಪಾಯ, ಅದಕ್ಕೆ ಹೊರಗಿನಿಂದ ಗಾಳಿ ಕೊಡೋ ಮಾಸ್ಕೇ ಸರಿ. ಇನ್ನೊಂದು: ಕೋಬಾಲ್ಟ್ ಆಕ್ಸಿಲರೇಟರ್ ಮತ್ತು ಎಂಇಕೆಪಿ ಹಾರ್ಡನರ್ ಎರಡನ್ನೂ ಯಾವತ್ತೂ ನೇರವಾಗಿ ಬೆರೆಸಬೇಡಿ, ಸ್ಫೋಟ ಆಗಬಹುದು. ಮೊದಲು ಕೋಬಾಲ್ಟನ್ನ ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್ ನೂರಕ್ಕೆ ಒಂದೋ ಎರಡೋ ಪಾಲು. ಮಾವನ ಶೆಡ್‌ಗೆ ಈಗ ನಾನು ಎರಡು ಕಾರ್ಟ್ರಿಜ್ ಮಾಸ್ಕ್ ತಂದಿಟ್ಟಿದ್ದೀನಿ. ಅಣ್ಣ ಹಾಕ್ಕೊಳ್ಳೋದು ನಾನು ಎದುರಿಗೆ ಇದ್ದಾಗ ಮಾತ್ರ. ಅದಕ್ಕೆ ನನ್ನ ಬಳಿ ಇನ್ನೂ ಉತ್ತರ ಇಲ್ಲ.

ಈಗ ನಾಚಿಕೆಯ ವಿಷಯಕ್ಕೆ ಬರ್ತೀನಿ. ಕಳೆದ ಸೆಮ್‌ನಲ್ಲಿ ಡಿಪಾರ್ಟ್‌ಮೆಂಟ್ ಎಕ್ಸಿಬಿಷನ್‌ಗೆ ನಾವು ನಾಲ್ಕು ಜನ ಒಂದು ಫೈಬರ್‌ಗ್ಲಾಸ್ ಸೆಂಟರ್ ಕನ್ಸೋಲ್ ಮಾಡಿದ್ವಿ. ಕ್ಯಾಡ್ ನಮ್ಮದು, ಮ್ಯಾಟ್ ಹಾಕಿದ್ದು ನಾವು. ಮೇಲ್ಮೈ ಪೂರ್ತಿ ಅಣ್ಣನದ್ದು, ಅವರ ಎರಡು ಭಾನುವಾರ. ಜಡ್ಜ್ ಬಂದವರು ಮೊದಲು ಮಾಡಿದ್ದೇ ಅದರ ಮೇಲೆ ಕೈಯಾಡಿಸಿದ್ದು. "ಇದು ಮೋಲ್ಡೆಡ್ ಪಾರ್ಟಾ?" ಅಂತ ಕೇಳಿದರು. ಅಲ್ಲ ಸಾರ್ ಅಂದಾಗ ಮುಖ ಅರಳಿತು. ನಮಗೆ ಎರಡನೇ ಬಹುಮಾನ ಬಂತು. ರಿಪೋರ್ಟ್‌ನಲ್ಲಿ ನಾನು ಏನು ಬರೆದಿದ್ದೆ ಗೊತ್ತಾ? ಮೆಥಡಾಲಜಿ ಹನ್ನೊಂದು ಪುಟ. ಅದರಲ್ಲಿ ಫಿನಿಶಿಂಗ್ ಬಗ್ಗೆ ಒಂದೇ ಸಾಲು: "ಪೇಂಟಿಂಗ್ ಹೊರಗಡೆ ಮಾಡಿಸಲಾಗಿದೆ." ಸರ್ಟಿಫಿಕೇಟ್ ಮಾವನ ಶೆಡ್‌ಗೆ ತಗೊಂಡು ಹೋಗಿ ತೋರಿಸಿದೆ. ಅಣ್ಣ ಕೈ ಒರೆಸಿಕೊಂಡು ಹಿಡಿದು, ನಾಲ್ಕೂ ಹೆಸರು ಓದಿ, "ಚೆನ್ನಾಗಿದೆ ಕಣೋ" ಅಂತ ವಾಪಸ್ ಕೊಟ್ಟರು. ನನಗೆ ಮಾತ್ರ ಆ ಹೊರಗಡೆ ಅನ್ನೋ ಪದ ಗಂಟಲಲ್ಲಿ ಸಿಕ್ಕಿಕೊಂಡಿತು. ಬಹುಮಾನ ತಂದಿದ್ದೇ ಆ ಹೊರಗಡೆಯವರ ಕೆಲಸ.

ಅದಕ್ಕೇ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಒಂದು, ನಮ್ಮ ಕ್ಲಬ್‌ಗಳ ಬಿಲ್ಡ್ ಪ್ಲಾನ್‌ನಲ್ಲಿ ಫಿನಿಶಿಂಗನ್ನ ಇವೆಂಟ್ ಹಿಂದಿನ ರಾತ್ರಿಯ ಸ್ಪ್ರೇ ಕ್ಯಾನ್‌ಗೆ ಬಿಡಬಾರದು. ಡಿಸೈನ್ ರಿವ್ಯೂನಲ್ಲೇ ಕೇಳಬೇಕು: ಇದರ ಮೇಲ್ಮೈ ಹೇಗಿರಬೇಕು, ಪದರದ ದಪ್ಪ ಎಷ್ಟು, ಕ್ಯೂರ್ ಆಗೋಕೆ ಎಷ್ಟು ದಿನ ಬಿಡ್ತೀವಿ? ಎರಡು, ಮೆಟ್ರಾಲಜಿ ಲ್ಯಾಬಿನಲ್ಲಿ ಒಂದು ಫೈಬರ್‌ಗ್ಲಾಸ್ ತುಂಡಿಗೆ ಗೈಡ್ ಕೋಟ್ ಹೊಡೆದು ಉಜ್ಜಿಸಲಿ. ವೇವಿನೆಸ್ ಅಂದ್ರೆ ಏನು ಅಂತ ಆ ದಿನ ಅರ್ಥ ಆಗುತ್ತೆ, ಯಾವ ಪಿಪಿಟಿಯೂ ಬೇಡ. ಮೂರು, ಟೆಕ್ ಫೆಸ್ಟ್‌ಗೆ ನಾವು ಕರೆಯೋ ಎಕ್ಸ್‌ಪರ್ಟ್‌ಗಳ ಲಿಸ್ಟ್‌ನಲ್ಲಿ ಒಬ್ಬ ಪೇಂಟರ್, ಒಬ್ಬ ಟಿಂಕರ್ ಇರಲಿ. ಬರೀ ಡೆಮೊಗೆ ಅಂತಲ್ಲ. ಸ್ಟೇಜ್ ಮೇಲೆ ಕುರ್ಚಿ, ಶಾಲು, ಗೌರವಧನ, ಎಲ್ಲವೂ ಉಳಿದವರಿಗೆ ಕೊಟ್ಟ ಹಾಗೇ ಕೊಡಬೇಕು. ಅವರು ಮಾತಾಡೋದು ಕನ್ನಡದಲ್ಲಿ, ಹಾಗಾಗಿ ಇದನ್ನ ನಮ್ಮ ಕನ್ನಡ ಸಂಘವೇ ಶುರು ಮಾಡಿದ್ರೆ ಇನ್ನೂ ಚೆಂದ. ನಾಲ್ಕು, ಯಾರ ಕೈಕೆಲಸ ನಮ್ಮ ಪ್ರಾಜೆಕ್ಟ್‌ನಲ್ಲಿದೆಯೋ ಅವರ ಹೆಸರು ರಿಪೋರ್ಟ್‌ನಲ್ಲಿ, ಕೆಲಸದ ವಿವರದ ಜೊತೆ ಇರಬೇಕು.

ಇದರಿಂದ ಮಾರ್ಕ್ಸ್ ಜಾಸ್ತಿ ಬರುತ್ತಾ ಅಂದ್ರೆ, ಬರಲ್ಲ. ಆದ್ರೆ ನಾವು ಪಾಸಾಗಿ ಹೊರಗೆ ಹೋದ ಮೇಲೆ ನಮ್ಮ ಕೆಲಸ ಬೆಡ್‌ಶೀಟ್‌ನಲ್ಲಿ ಸುತ್ಕೊಂಡು ವಾಪಸ್ ಬಂದಾಗ, ಡ್ರಾಯರ್ ಎಳೆದು ದುಡ್ಡು ಕೊಡೋಕೆ ಮಾವ ಇರಲ್ಲ.

ಆ ಮಾರುತಿ 800 ಈಗಲೂ ತುಮಕೂರಿನಲ್ಲಿ ಓಡಾಡ್ತಿದೆ. ಹೋದ ತಿಂಗಳು ಸರ್ವೀಸ್‌ಗೆ ಶೆಡ್ ಕಡೆ ಬಂದಿತ್ತು. ನಾನು ಬಾಗಿಲು ತೆಗೆದು, ಓರೆ ಬಿಸಿಲಲ್ಲಿ ನೋಡಿ, ಕಣ್ಣು ಮುಚ್ಚಿ ಅಂಗೈ ಎಳೆದೆ. ಏನೂ ಸಿಗಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ತೆಗೆದು ರಿಪೋರ್ಟ್‌ನ ಆ ಒಂದು ಸಾಲು ಅಳಿಸಿ, ಅಣ್ಣನ ಹೆಸರು ಹಾಕಿ, ಅವರು ಏನೇನು ಮಾಡಿದರು ಅಂತ ಎರಡು ಪುಟ ಬರೆದೆ. ಡಿಪಾರ್ಟ್‌ಮೆಂಟ್‌ನವರು ಹಳೇ ರಿಪೋರ್ಟ್ ಬದಲಾಯಿಸಿಕೊಳ್ತಾರೋ ಇಲ್ವೋ, ಸೋಮವಾರ ಹೋಗಿ ಕೇಳ್ತೀನಿ.